ಬೇರುಗಳ ಮೇಲೆ ಇಳಿದ ಹಾದಿ

ಮಂಗಳೂರಿನಲ್ಲಿ ಬೆಳೆದ ನನಗೆ ಸೈಕಲ್ ಸವಾರಿ ಎಂದರೆ ಪಣಂಬೂರು, ಸುರತ್ಕಲ್ ಕಡೆಯ ಸಮತಟ್ಟಾದ ರಸ್ತೆಯಷ್ಟೇ ಆಗಿತ್ತು. ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ, ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಕಡೆಯ ಪರಿಚಿತರ ಕಾಫಿ ತೋಟ ಸೇರಿ, ಅವರ ಒಪ್ಪಿಗೆ ಪಡೆದು, ಸುಮಾರು 1,000 ಮೀಟರ್ ಎತ್ತರದ ಗುಡ್ಡದ ನೆತ್ತಿಯಿಂದ ಕೆಳಗಿನ ಹಳ್ಳದವರೆಗೆ ಮೌಂಟನ್ ಬೈಕಿನಲ್ಲಿ, ಅಂದರೆ ಗುಡ್ಡಗಾಡಿನ ಸೈಕಲ್ಲಿನಲ್ಲಿ, ಇಳಿದೆ. (ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಚಕ್ರ ಇಳಿಸುವುದನ್ನು ನಾನು ಒಪ್ಪುವುದಿಲ್ಲ.)

ಹೊರಡುವ ಮೊದಲು ಸೀಟನ್ನು ಪೂರ್ತಿ ತಗ್ಗಿಸಿ, ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿಕೊಂಡಿದ್ದೆ. ನಿಜವಾದ ಪರೀಕ್ಷೆ ಇದ್ದದ್ದು ಬೇರುಗಳಲ್ಲಿ. ಮಂಜಿನಲ್ಲಿ ನೆನೆದು ತೊಗಟೆ ಸವೆದ ಬೇರನ್ನು ಓರೆಯಾಗಿ ಹತ್ತಿದರೆ ಮುಂದಿನ ಚಕ್ರ ಅದರ ಗುಂಟ ಜಾರಿಹೋಗುತ್ತದೆ. ಬ್ರೇಕ್ ಬಿಟ್ಟು, ಪೆಡಲ್‌ಗಳನ್ನು ಸಮಮಟ್ಟದಲ್ಲಿಟ್ಟು, ಬೇರಿಗೆ ನೇರ ಅಡ್ಡಲಾಗಿ ದಾಟಿದರೆ ಉರುಳುತ್ತಿರುವ ಚಕ್ರ ತನ್ನ ಹಿಡಿತವನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ವೇಗವನ್ನು ಅದಕ್ಕಿಂತ ಮೊದಲೇ, ನೆಲ ಗಟ್ಟಿಯಿರುವಲ್ಲಿ ತಗ್ಗಿಸಿಕೊಳ್ಳಬೇಕು. ಇದೆಲ್ಲ ತಿಳಿದಿದ್ದರೂ ಮೂರನೆಯ ತಿರುವಿನಲ್ಲಿ ಹೆದರಿ ಮುಂದಿನ ಬ್ರೇಕನ್ನು ಬಲವಾಗಿ ಹಿಂಡಿದೆ. ಬಿದ್ದು ಮೊಣಕೈ ತರಚಿತು. ಓಡಿ ಬಂದ ತೋಟದ ರೈಟರು (ಕೆಲಸದ ಮೇಲ್ವಿಚಾರಕರು), "ಚಕ್ರ ನೋಡ್ಬೇಡಿ ಸಾರ್, ಮುಂದಿನ ದಾರಿ ನೋಡಿ" ಎಂದರು. ಜೀಪು ಓಡಿಸುತ್ತಾ ಅವರು ಕಲಿತ ಆ ಮಾತು ಸೈಕಲ್ಲಿಗೂ ಅಕ್ಷರಶಃ ಸಲ್ಲುತ್ತದೆ, ಏಕೆಂದರೆ ಕಣ್ಣು ನೆಟ್ಟ ಕಡೆಗೇ ಭುಜವೂ ಹ್ಯಾಂಡಲ್ಲೂ ತಿರುಗುತ್ತವೆ.

ಉಳಿದ ಇಳಿಜಾರನ್ನು ಹಾಗೆಯೇ ಮುಗಿಸಿದೆ. ಹಳ್ಳದ ಬಳಿ ನಿಂತಾಗ ಬ್ರೇಕಿನ ಡಿಸ್ಕು ಕಾದಿತ್ತು, ಬೆರಳುಗಳು ನಡುಗುತ್ತಿದ್ದವು, ಕಾಲುಚೀಲದೊಳಗೆ ಎರಡು ಇಂಬಳಗಳಿದ್ದವು. ಮತ್ತೊಮ್ಮೆ ಮೇಲೆ ಹತ್ತಲು ಬೆಳಕು ಸಾಕಾಗುವುದೇ ಎಂದು ನಾನು ಆಕಾಶ ನೋಡುತ್ತಿದ್ದೆ.