ಪಂಥದ ಪಡೆಗೆ ಪದವಿ ಕಟ್ಟುವಾಗ

ಭಾನುವಾರ ಕಬ್ಬನ್ ಪಾರ್ಕ್‌ನಲ್ಲಿ ಕೂತು ಕಥಾಲೋಕ ಕಟ್ಟುವ ಗೆಳೆಯರಿಗೆ ಒಂದು ಮಾತು. ಸನ್ಯಾಸಿ ಯೋಧರ ಪಂಥಕ್ಕೆ ಪದವಿಯ ಹೆಸರು ಹುಡುಕುವ ಮುಂಚೆ ತಲೆ ಎಣಿಸಿ. 300 ಜನಕ್ಕೆ 5 ಮೆಟ್ಟಿಲು ಸಾಕು: ಯೋಧ, 10 ಜನಕ್ಕೊಬ್ಬ ಗುರಿಕಾರ, 50 ಜನಕ್ಕೊಬ್ಬ ಪಡೆವಳ, ಒಬ್ಬ ದಂಡನಾಯಕ, ಎಲ್ಲರ ಮೇಲೆ ಗುರು. 14 ಪದವಿ ಇಟ್ಟರೆ ಯಾರ ಅಪ್ಪಣೆ ಯಾರಿಗೆ ಅನ್ನೋದೇ ಓದುಗರಿಗೆ ತಿಳಿಯಲ್ಲ.

ಮಧ್ಯಯುಗದ ಕ್ರೈಸ್ತ ಸನ್ಯಾಸಿ ಯೋಧರದೇ ಆದ ಟೆಂಪ್ಲರ್ ಪಂಥದಲ್ಲಿ ಮುಖ್ಯಸ್ಥ ಗ್ರ್ಯಾಂಡ್ ಮಾಸ್ಟರ್, ಅವನ ಕೆಳಗೆ ಎರಡನೆಯವನಾಗಿ ಸೆನೆಶಲ್, ಯುದ್ಧಕ್ಕೆ ಮಾರ್ಷಲ್, ಬಟ್ಟೆಬರೆಗೆ ಡ್ರೇಪರ್. ಬಟ್ಟೆ ಹಂಚುವವನದೂ ದೊಡ್ಡ ಹುದ್ದೆಯೇ, ಯಾಕೆಂದರೆ ಅಲ್ಲಿ ದರ್ಜೆ ತೋರಿಸುತ್ತಿದ್ದದ್ದು ಬಟ್ಟೆ. ನೈಟ್‌ಗೆ, ಅಂದರೆ ಮೇಲ್ದರ್ಜೆಯ ಯೋಧನಿಗೆ, ಬಿಳಿ ನಿಲುವಂಗಿ, 3 ಕುದುರೆ. ಅವನಿಗಿಂತ ಕೆಳದರ್ಜೆಯ ಸಾರ್ಜೆಂಟ್‌ಗೆ ಕಪ್ಪು ಇಲ್ಲವೇ ಕಂದು, 1 ಕುದುರೆ. ಇಂಥ ಲೆಕ್ಕ ಬರೆದಿಟ್ಟರೆ ಉಗ್ರಾಣ, ಲಾಯ, ಮೇವಿನ ಖರ್ಚು ತಾನಾಗಿ ಹುಟ್ಟುತ್ತವೆ. ನನಗಂತೂ ಬಿರುದುಗಳಿಗಿಂತ ಇದೇ ಇಷ್ಟ.

ಹೆಚ್ಚಿನವರು ಎಡವುವುದು ಪುರೋಹಿತರ ಜಾಗದಲ್ಲಿ. 1139ರ ಪೋಪ್ ಆಜ್ಞೆ ಟೆಂಪ್ಲರ್‌ಗಳಿಗೆ ಸ್ವಂತ ಪಾದ್ರಿಗಳನ್ನು ಕೊಟ್ಟಿತು, ಆದರೆ ಅವರು ಮಾಸ್ಟರ್‌ನ ಮಾತು ಕೇಳಬೇಕಿತ್ತು. ನಿಮ್ಮ ಪಂಥದಲ್ಲಿ ಉಪವಾಸದ ದಿನ ಶತ್ರು ಬಂದರೆ ಊಟ ಮಾಡಿ ಅಂತ ಹೇಳುವ ಅಧಿಕಾರ ಯಾರದ್ದು? ಇದನ್ನು ಮೊದಲೇ ತೀರ್ಮಾನಿಸಿ, ಇಲ್ಲದಿದ್ದರೆ ಮೂರನೇ ಅಧ್ಯಾಯದಲ್ಲಿ ಕಥೆ ಸಿಕ್ಕಿಕೊಳ್ಳುತ್ತೆ.

ಗುರು ಸತ್ತರೆ ಮುಂದೆ ಯಾರು ಅನ್ನೋದೂ ಬೇಕು. ಟೆಂಪ್ಲರ್‌ಗಳಲ್ಲಿ 13 ಜನ ಆರಿಸುತ್ತಿದ್ದರು: 8 ನೈಟ್, 4 ಸಾರ್ಜೆಂಟ್, 1 ಪಾದ್ರಿ. ಆ 4 ಸಾರ್ಜೆಂಟ್‌ಗಳ ಮತ ಯಾರ ಕಡೆಗೆ ಅನ್ನೋದರಲ್ಲೇ ಒಂದು ಇಡೀ ಅಧ್ಯಾಯ ಇದೆ.