ಸೊಯೆರ್‌ಗೆ ಮರದ ರೈಲಲ್ಲೇ ಹೋಗಿ

ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೊರಟವರು ಏನು ನೋಡಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವುದು ಬೀಚುಗಳ ಹೆಸರಲ್ಲ. ದ್ವೀಪದ ರಾಜಧಾನಿ ಪಾಲ್ಮಾದಿಂದ ಸೊಯೆರ್ ಎಂಬ ಊರಿಗೆ ಹೋಗುವ ಮರದ ರೈಲು ಹತ್ತಿ, ಅಲ್ಲಿಂದ ಟ್ರಾಮ್ ಹಿಡಿದು ಬಂದರಿನವರೆಗೆ ಹೋಗಿ ಅಂತ ಹೇಳುತ್ತೇನೆ. ಬಸ್ಸಿನಲ್ಲಿ ಇದಕ್ಕಿಂತ ಬೇಗ ಹೋಗಬಹುದು, ನಿಜ. 1997ರಲ್ಲಿ ಬೆಟ್ಟದ ಅಡಿಯಲ್ಲಿ ರಸ್ತೆಗೆ ಸುರಂಗ ಆದ ಮೇಲಂತೂ ಆ ಊರಿನವರೇ ದಿನದ ಓಡಾಟಕ್ಕೆ ರಸ್ತೆ ಹಿಡಿದುಬಿಟ್ಟಿದ್ದಾರೆ. ಈಗ ರೈಲಿನ ತುಂಬಾ ನಮ್ಮಂಥ ಪ್ರವಾಸಿಗಳೇ. ಅಷ್ಟಕ್ಕೇ ಇದನ್ನು ಆಟಿಕೆ ರೈಲು ಅಂದುಕೊಳ್ಳಬೇಡಿ. ಇದು ಒಂದು ಊರು ಹಠ ಹಿಡಿದು ತನಗಾಗಿ ಕಟ್ಟಿಕೊಂಡ ರೈಲು.

ಸೊಯೆರ್ ಇರುವ ಜಾಗ ನೋಡಿದರೆ ಆ ಹಠ ಯಾಕೆ ಅಂತ ಗೊತ್ತಾಗುತ್ತದೆ. ಸುತ್ತ ತ್ರಾಮುಂತಾನಾ ಬೆಟ್ಟಸಾಲು, ಒಂದು ಕಡೆ ಸಮುದ್ರ, ನಡುವಿನ ಕಣಿವೆಯಲ್ಲಿ ಕಿತ್ತಳೆ, ನಿಂಬೆ ತೋಟಗಳು. ಪಾಲ್ಮಾ ಇರುವುದು ಅದೇ ದ್ವೀಪದಲ್ಲಿ, ಆದರೆ ಹೋಗಬೇಕಾದರೆ ಗಾಡಿ ಕಟ್ಟಿಕೊಂಡು ಕಣಿವೆದಾರಿ ಹತ್ತಿ ಇಳಿಯಬೇಕಿತ್ತು. ಹಾಗಾಗಿ ಇಲ್ಲಿನವರು ಹಣ್ಣನ್ನು ದೋಣಿಗೆ ತುಂಬಿ ನೇರವಾಗಿ ಫ್ರಾನ್ಸಿನ ಬಂದರುಗಳಿಗೆ ಒಯ್ಯುತ್ತಿದ್ದರು. ಎಷ್ಟೋ ಮನೆಯವರು ಅಲ್ಲೇ ಹಣ್ಣಿನಂಗಡಿ ಇಟ್ಟು, ದುಡ್ಡು ಮಾಡಿಕೊಂಡು ಊರಿಗೆ ವಾಪಸಾದರು. ಈ ರೈಲಿನ ಷೇರು ಕೊಂಡವರಲ್ಲೂ ಊರಿನ ಜನರೇ ಜಾಸ್ತಿ.

ಮೊದಲು ಹಾಕಿದ್ದ ಯೋಜನೆ ವಾಲ್ದೆಮೋಸಾ, ದೆಯಾ ಊರುಗಳ ಕಡೆಯಿಂದ ಬೆಟ್ಟ ಬಳಸಿಕೊಂಡು ಬರುವುದು. ಖರ್ಚಿಗೆ ಹೋಲಿಸಿದರೆ ಅದು ಗಿಟ್ಟುವಂತಿರಲಿಲ್ಲ. ಆಗ ಜೆರೋನಿ ಎಸ್ತಾದೆಸ್ ಎಂಬ ಸೊಯೆರ್‌ನವರು, ಬಳಸುವುದು ಬೇಡ, ಬೆಟ್ಟವನ್ನೇ ಕೊರೆದು ನೇರವಾಗಿ ಹೋಗೋಣ ಅನ್ನುವ ಯೋಜನೆಯ ಹಿಂದೆ ನಿಂತರು. ಎಂಜಿನಿಯರ್ ಪೆರೆ ಗಾರಾವ್ ಅದಕ್ಕೆ ನಕ್ಷೆ ಮಾಡಿದರು. 1912ರ ಏಪ್ರಿಲ್ 16ರಂದು ರೈಲು ಓಡಿತು. ಒಟ್ಟು 27 ಕಿಲೋಮೀಟರ್ ಚಿಲ್ಲರೆ ಹಳಿ, ಹಳಿಗಳ ನಡುವೆ ಬರೀ 914 ಮಿಲಿಮೀಟರ್ ಅಂತರ. ಸರ್ಕಾರದ ನೆರವು ಸಿಗಬೇಕಾದರೆ ಮಾರ್ಗ 30 ಕಿಲೋಮೀಟರ್ ಇರಬೇಕಿತ್ತು. ಕಡಿಮೆ ಬಿದ್ದದ್ದನ್ನು ತುಂಬಿಸಲು ಬಂದರಿನವರೆಗೆ ಟ್ರಾಮ್ ಸೇರಿಸಿದರು. ಅದು ಓಡಲು ಶುರುವಾಗಿದ್ದು 1913ರ ಅಕ್ಟೋಬರ್ 4ಕ್ಕೆ, ಅದೂ ಮೊದಲ ದಿನದಿಂದಲೇ ಕರೆಂಟಿನಲ್ಲಿ. ಸುಮಾರು 5 ಕಿಲೋಮೀಟರಿನ ಆ ದಾರಿ ಒಂದು ನಿಯಮದ ದೆಸೆಯಿಂದ ಹುಟ್ಟಿದ್ದು ಅಂತ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಬೋಗಿಯೊಳಗೆ ಕಾಲಿಟ್ಟ ಕೂಡಲೇ ಕೂರಬೇಡಿ, ಒಂದು ನಿಮಿಷ ನಿಂತು ನೋಡಿ. ಗೋಡೆ, ಕಿಟಕಿಯ ಚೌಕಟ್ಟು ಎಲ್ಲಾ ಪಾಲಿಷ್ ಹಾಕಿದ ಮರ. ಅಲ್ಲಲ್ಲಿ ಹಿತ್ತಾಳೆ. ಸೀಟಿನ ಬೆನ್ನನ್ನು ಹಿಡಿದು ಎದುರು ಬದಿಗೆ ಎಳೆದರೆ ಟಕ್ ಅಂತ ಆಚೆ ಹೋಗಿ ನಿಲ್ಲುತ್ತದೆ, ಸೀಟಿನ ಮುಖವೇ ತಿರುಗುತ್ತದೆ. ಕೊನೆ ನಿಲ್ದಾಣದಲ್ಲಿ ಬೋಗಿಯನ್ನು ತಿರುಗಿಸುವ ಗೋಜಿಲ್ಲ, ಸೀಟು ತಿರುಗಿಸಿಕೊಂಡರೆ ಸಾಕು. ನಾಲ್ಕು ಜನ ಎದುರುಬದುರು ಕೂರಬೇಕು ಅಂದರೂ ಇದೇ ಉಪಾಯ. ಹತ್ತಿದ ಎಲ್ಲರೂ ಸುಮ್ನೆ ಒಂದೆರಡು ಸಲ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾರೆ, ಮಕ್ಕಳಂತೂ ಬಿಡುವುದೇ ಇಲ್ಲ.

ರೈಲು ಪಾಲ್ಮಾದ ಪ್ಲಾಸಾ ದೆಸ್ಪಾನ್ಯಾ ಚೌಕದ ಪಕ್ಕದಿಂದ ಹೊರಟು ಸ್ವಲ್ಪ ದೂರ ಬೀದಿಯಲ್ಲೇ, ಕಾರುಗಳ ಜೊತೆಗೇ ಹೋಗುತ್ತದೆ. ಆಮೇಲೆ ಬಯಲು. ಬಾದಾಮಿ, ಆಲಿವ್ ಮರಗಳು, ಕಲ್ಲಿನ ಗೋಡೆಗಳು. ಚಳಿಗಾಲದ ಕೊನೆಗೆ ಬಂದರೆ ಬಾದಾಮಿ ಹೂ ಬಿಟ್ಟಿರುತ್ತದೆ. ಬುನ್ಯೋಲಾ ಊರು ದಾಟುವವರೆಗೆ ಇದೇ ನೋಟ, ಚೆನ್ನಾಗಿದೆ, ಆದರೆ ಅಸಲು ದಾರಿ ಶುರುವಾಗುವುದು ಆಮೇಲೆ.

ಆಲ್ಫಾಬಿಯಾ ಬೆಟ್ಟ ಎದುರಿಗೆ ಬಂದು ನಿಲ್ಲುತ್ತದೆ, ರೈಲು ಅದರ ಹೊಟ್ಟೆಯೊಳಗೆ ನುಗ್ಗುತ್ತದೆ. ಮಾರ್ಗದಲ್ಲಿ ಒಟ್ಟು 13 ಸುರಂಗಗಳು. ದೊಡ್ಡದರ ಉದ್ದ ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬಿಸಿಲಲ್ಲಿ ಬೆವರುತ್ತಾ ಕೂತವರಿಗೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಹೊಡೆಯುತ್ತದೆ, ಬಲ್ಬಿನ ಮಂದ ಬೆಳಕಿನಲ್ಲಿ ಮರ ಇನ್ನಷ್ಟು ಕೆಂಪಗೆ ಕಾಣುತ್ತದೆ, ಚಕ್ರದ ಸದ್ದು ಎಷ್ಟು ಜೋರು ಅಂದರೆ ಪಕ್ಕದವರ ಮಾತು ಕೇಳುವುದಿಲ್ಲ. ಇದೇ ಸುರಂಗದಲ್ಲಿ ಮೊದಲು ಉಗಿಬಂಡಿ ಓಡುತ್ತಿತ್ತು. ಕಿಟಕಿಯಿಂದ ನುಗ್ಗುವ ಹೊಗೆಯಲ್ಲಿ ಅಷ್ಟು ಹೊತ್ತು ಕೂತವರ ಪಾಡು ಏನಾಗಿತ್ತೋ! ಜನ ದೂರುತ್ತಲೇ ಇದ್ದರು. 1929ರಲ್ಲಿ ಮಾರ್ಗಕ್ಕೆ ವಿದ್ಯುತ್ ತಂತಿ ಎಳೆದರು. ಈಗ ನಾವು ಕೂರುವ ರೈಲನ್ನು ಎಳೆಯುವುದು ಆಗ ಬಂದ ಮೋಟಾರು ಬೋಗಿಗಳೇ.

ನನಗೆ ಈ ಮಾರ್ಗದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಇದು ಎಲ್ಲೋ ಷೆಡ್ಡಿನಲ್ಲಿ ಧೂಳು ಹಿಡಿದು ಬಿದ್ದಿದ್ದು, ಆಮೇಲೆ ಯಾರೋ ಒರೆಸಿ ಪ್ರದರ್ಶನಕ್ಕಿಟ್ಟ ಸಾಮಾನಲ್ಲ. ಓಡುತ್ತಲೇ ಇತ್ತು. ಸವೆದ ಭಾಗ ಬದಲಿಸಿದರು, ಮರಕ್ಕೆ ಬಣ್ಣ ಬಳಿದರು, ಮತ್ತೆ ಓಡಿಸಿದರು. ಹಳೆಯದನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ.

ಸುರಂಗ ದಾಟಿದ ಮೇಲೆ ಇಳಿಜಾರು. ಸುಮಾರು 7 ಕಿಲೋಮೀಟರಿನಲ್ಲಿ 199 ಮೀಟರ್ ಇಳಿಯಬೇಕು, ಅದಕ್ಕೇ ಹಳಿ ಬೆಟ್ಟದ ಪಕ್ಕೆಯಲ್ಲಿ ಸುತ್ತಿ ಸುತ್ತಿ ಹೋಗುತ್ತದೆ. ಸೊಯೆರ್ ಊರು ಒಮ್ಮೆ ಎಡಕ್ಕೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಬಲಕ್ಕೆ. ಐದು ಕಮಾನುಗಳ ‘ಸಿಂಕ್ ಪೊಂತ್ಸ್’ ಸೇತುವೆಯ ಮೇಲೆ ಹೋಗುವಾಗ ಬೋಗಿಯ ತುದಿಯಲ್ಲಿ, ಹೊರಗಿನ ಜಗುಲಿಯಂಥ ಜಾಗದಲ್ಲಿ ನಿಂತಿದ್ದರೆ ನಿಮ್ಮ ಅದೃಷ್ಟ.

ಸೊಯೆರ್ ನಿಲ್ದಾಣದ ಕಟ್ಟಡ ರೈಲಿಗಿಂತ ಮುನ್ನೂರು ವರ್ಷ ಹಳೆಯದು, 1606ರ ಕಾನ್ ಮಯೋಲ್ ಎಂಬ ಮನೆ. ಒಳಗೆ ಪಿಕಾಸೊ ಮಾಡಿದ ಮಣ್ಣಿನ ಪಾತ್ರೆಗಳಿವೆ, ಕಲಾವಿದ ಮಿರೋನ ಚಿತ್ರಗಳಿವೆ. ಇವನ್ನು ನೋಡದೆ ಟ್ರಾಮಿಗೆ ಓಡುವವರೇ ಹೆಚ್ಚು, ಬೇಜಾರಾಗುತ್ತದೆ.

ಟ್ರಾಮ್ ಮಾತ್ರ ಬೇರೆಯೇ ಅನುಭವ. ರೈಲು ಬೆಟ್ಟ ತೋರಿಸಿದರೆ ಇದು ಮನೆಗಳನ್ನು ತೋರಿಸುತ್ತದೆ. ಊರ ನಡುವಿನ ಚೌಕದಲ್ಲಿ ಚರ್ಚಿನ ಮುಂದೆ, ಕಾಫಿ ಕುಡಿಯುತ್ತಾ ಕೂತವರ ಮೇಜಿಗೆ ತಾಗುತ್ತದೇನೋ ಅನ್ನುವಷ್ಟು ಹತ್ತಿರದಲ್ಲಿ ಗಂಟೆ ಬಾರಿಸುತ್ತಾ ಹೋಗುತ್ತದೆ. ಯಾರೂ ಗಾಬರಿಯಾಗುವುದಿಲ್ಲ, ಕುರ್ಚಿ ಒಂಚೂರು ಸರಿಸಿಕೊಳ್ಳುತ್ತಾರೆ ಅಷ್ಟೇ. ಆಮೇಲೆ ಹಿತ್ತಲುಗಳು, ತೋಟಗಳು. ಕೈ ಚಾಚಿದರೆ ಕಿತ್ತಳೆ ಸಿಗುತ್ತದೆ ಅನ್ನಿಸುತ್ತದೆ, ದಯವಿಟ್ಟು ಚಾಚಬೇಡಿ, ಕಂಬಗಳೂ ಅಷ್ಟೇ ಹತ್ತಿರ ಬರುತ್ತವೆ. ಒಂದು ಕಾಲಕ್ಕೆ ಬಂದರಿನ ಮೀನು ಊರಿಗೆ ಬರುತ್ತಿದ್ದುದೂ ಈ ಹಳಿಯ ಮೇಲೇ. ಎಲ್ಲಾ ಟ್ರಾಮುಗಳೂ 1913ರವಲ್ಲ. ಕೆಲವು ಲಿಸ್ಬನ್ ನಗರದಿಂದ ಆಮೇಲೆ ತಂದವು. ಅಲ್ಲಿನ ಹಳಿಯ ಅಂತರ 900 ಮಿಲಿಮೀಟರ್, ಇಲ್ಲಿಗಿಂತ 14 ಮಿಲಿಮೀಟರ್ ಮಾತ್ರ ಕಡಿಮೆ, ಹಾಗಾಗಿ ಹೊಂದಿಸಿಕೊಳ್ಳುವುದು ಸಾಧ್ಯವಾಯಿತು.

ಗೋಡೆಯಿಲ್ಲದ, ಎರಡೂ ಬದಿ ತೆರೆದ ಬೋಗಿಗೆ ಇಲ್ಲಿ ಹರ್ದಿನೇರಾ ಅನ್ನುತ್ತಾರೆ. ಕೂರುವುದಾದರೆ ಅದರಲ್ಲೇ ಕೂರಿ, ಜಾಗ ಸಿಗದಿದ್ದರೆ ಮುಂದಿನ ಟ್ರಾಮಿಗೆ ಕಾಯಿರಿ. ಬೇಸಿಗೆಯಲ್ಲಿ ನೂಕುನುಗ್ಗಲು ಜಾಸ್ತಿ ಇರುವುದರಿಂದ ಪಾಲ್ಮಾದಿಂದ ಬೆಳಗಿನ ರೈಲಿಗೇ ಹೊರಟುಬಿಡಿ. ಬಂದರು ಹತ್ತಿರವಾದಾಗ ಹಳಿ ಸಮುದ್ರದ ಅಂಚಿಗೇ ಬರುತ್ತದೆ, ಕೊನೆಯ ನಿಲ್ದಾಣದವರೆಗೂ ಹೋಗಿ, ನಡುವೆ ಇಳಿಯಬೇಡಿ.