ಕೊಯರ್ ಹುಡುಗರ ಕಾಲ

ಹಳೆಯ ವಿದ್ಯಾರ್ಥಿಗಳು ಶಾಲೆಯ ಸಂಚಿಕೆಗೆ ಬರೆಯುವಾಗ ಫುಟ್‌ಬಾಲ್ ಮೈದಾನ, ಬೋರ್ಡಿಂಗಿನ ಗಂಜಿ, ಹೆಡ್‌ಮಾಸ್ಟರ ಬೆತ್ತ, ಇವುಗಳ ಬಗ್ಗೆಯೇ ಜಾಸ್ತಿ ಬರೆಯುತ್ತಾರೆ. ನಮ್ಮ ಕೊಯರ್, ಅಂದರೆ ಇಗರ್ಜಿಯ ಪೂಜೆಯಲ್ಲಿ ಒಟ್ಟಿಗೆ ಹಾಡುವ ತಂಡ, ಅದರ ಬಗ್ಗೆ ಯಾರೂ ಬರೆದದ್ದು ನಾನು ನೋಡಿಲ್ಲ. ಅದರಲ್ಲಿ ಹಾಡಿದವರಲ್ಲಿ ಈಗ ಉಳಿದಿರುವವರು ಕೆಲವೇ ಮಂದಿ. ಹಾಗಾಗಿ ನಾನೇ ಬರೆಯಲು ಕೂತಿದ್ದೇನೆ.

1960ರ ದಶಕದ ಮೊದಲ ವರ್ಷಗಳು. ಆಗ ಮಂಗಳೂರಿನ ಇಗರ್ಜಿಗಳಲ್ಲಿ ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಗರ್ಜಿಯಲ್ಲಿ ಲ್ಯಾಟಿನ್. ನಮಗೆ ಇದರಲ್ಲಿ ವಿಶೇಷ ಏನೂ ಕಾಣುತ್ತಿರಲಿಲ್ಲ. ಹಾಡುಗಳನ್ನು ಕನ್ನಡ ಅಕ್ಷರದಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆವು. 1878ರ ಕೊನೆಯ ದಿನ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದಿದ್ದರಲ್ವಾ, ನಮ್ಮ ಲ್ಯಾಟಿನ್ ಉಚ್ಚಾರವೂ ಇಟಲಿಯದ್ದೇ. ‘ಆಞುಸ್ ದೇಯಿ’, ‘ದೋನಾ ನೋಬಿಸ್ ಪಾಚೆಮ್’ ಎಂದು ಬರೆದ ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ.

ಕೊಯರಿಗೆ ಬರೀ ಹುಡುಗರು ಯಾಕೆ ಅಂತ ಇವತ್ತಿನವರು ಕೇಳಬಹುದು. 1903ರಲ್ಲಿ ಪೋಪ್ ಹತ್ತನೇ ಪಿಯುಸ್ ಇಗರ್ಜಿಯ ಸಂಗೀತದ ಬಗ್ಗೆ ಒಂದು ಆದೇಶ ಹೊರಡಿಸಿದ್ದರು. ಗ್ರೆಗೋರಿಯನ್ ಗಾನ ಎಂಬ ಇಗರ್ಜಿಯ ಹಳೆಯ ಲ್ಯಾಟಿನ್ ಗಾನವೇ ಮಾದರಿ, ಮೇಲಿನ ಸ್ವರಗಳು ಬೇಕಾದರೆ ಹುಡುಗರಿಂದ ಹಾಡಿಸಬೇಕು, ಕೊಯರಿನಲ್ಲಿ ಹೆಂಗಸರು ಬೇಡ ಎಂದು ಅದರಲ್ಲಿತ್ತು. ನನ್ನ ಅಕ್ಕ ನನಗಿಂತ ಚೆನ್ನಾಗಿ ಹಾಡುತ್ತಿದ್ದಳು. ಆದರೂ ನಾನು ಮೇಲೆ ಅಟ್ಟದಲ್ಲಿ, ಆಕೆ ಕೆಳಗೆ ಹೆಂಗಸರ ಸಾಲಿನಲ್ಲಿ. ಅದು ಅನ್ಯಾಯವೇ. ಈಗ ಎಲ್ಲ ಇಗರ್ಜಿಗಳಲ್ಲೂ ಹೆಣ್ಣುಮಕ್ಕಳು ಹಾಡುತ್ತಾರೆ, ತುಂಬ ಒಳ್ಳೆಯದಾಯಿತು.

ನಮಗೆ ಕಲಿಸುತ್ತಿದ್ದವರು ಒಬ್ಬ ವಯಸ್ಸಾದ ಫಾದರ್. ಅಭ್ಯಾಸ ದಿನಾ ಸಂಜೆ, ಸ್ಟಡಿಗೆ ಮೊದಲು. ಹೊಸ ಹುಡುಗರಿಗೆ ಶುರುವಿನಲ್ಲಿ ಹಾಡು ಇರುತ್ತಲೇ ಇರಲಿಲ್ಲ. ನೆಲದ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ‘ಲಿಬೆರ್ ಉಸುವಾಲಿಸ್’ ಇಡುತ್ತಿದ್ದರು. ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು 1896ರಲ್ಲಿ ಮೊದಲು ಹೊರತಂದ ಗಾನದ ಪುಸ್ತಕ ಅದು. ಎರಡು ಸಾವಿರದ ಹತ್ತಿರ ಪುಟ, ಒಳ್ಳೆಯ ಭಾರ. ಉಸಿರು ಎಳೆದಾಗ ಪುಸ್ತಕ ಮೇಲೇಳಬೇಕು, ಬಿಡುವಾಗ ನಿಧಾನವಾಗಿ ಇಳಿಯಬೇಕು. ಎದೆ ಅಲ್ಲಾಡಿದರೆ ಮತ್ತೆ ಮೊದಲಿಂದ. ಪುಸ್ತಕ ಜಾರದೆ ಇಳಿಯುವುದು ಕಲಿತ ಮೇಲೆಯೇ ಎದ್ದು ನಿಂತು ಬಾಯಿ ತೆರೆಯಲು ಅಪ್ಪಣೆ.

ಅದೇ ಪುಸ್ತಕದಲ್ಲಿ ಓದುವುದನ್ನೂ ಕಲಿತೆವು. ನಾಲ್ಕೇ ಗೆರೆ, ಅವುಗಳ ಮೇಲೆ ಕಪ್ಪು ಚೌಕದ ಸ್ವರಗಳು. ಎರಡು ಚೌಕ ಒಂದರ ಮೇಲೊಂದು ಕೂತರೆ ಕೆಳಗಿನದು ಮೊದಲು. ತಾಳ ಇಲ್ಲ. ಎರಡರ ಗುಂಪು, ಮೂರರ ಗುಂಪು ಅಂತ ಸ್ವರಗಳು ಮಾತಿನ ನಡಿಗೆಯಲ್ಲೇ ಹೋಗುತ್ತವೆ. ಫಾದರ್ ಕೈ ಎತ್ತಿ ಗಾಳಿಯಲ್ಲಿ ಅಲೆ ಬರೆಯುತ್ತಿದ್ದರು, ಆ ಅಲೆಯ ಏರಿಳಿತ ನೋಡಿಕೊಂಡು ಹಾಡಬೇಕಿತ್ತು. ಎಲ್ಲರದ್ದೂ ಒಂದೇ ಸಾಲು, ಮೇಲೆ ಕೆಳಗೆ ಬೇರೆ ಸ್ವರಗಳ ಜೋಡಣೆ ಇಲ್ಲ. ನಮ್ಮ ಕಡೆಯ ಕಿವಿಗೆ ಅದು ಹತ್ತಿರವೇ ಆಗಿತ್ತು ಅಂತ ನನ್ನ ಅಭಿಪ್ರಾಯ.

ಅವರು ಕಲಿಸಿದ್ದರಲ್ಲಿ ಕಷ್ಟದ್ದು ಉಸಿರು ಕದಿಯುವುದು. ಉದ್ದ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡರೆ ಹಾಡು ಕಡಿದು ಹೋಗುತ್ತದೆ. ಅದಕ್ಕೇ ಪಕ್ಕದವನು ಯಾವಾಗ ಉಸಿರು ತೆಗೆದುಕೊಳ್ಳುತ್ತಾನೆ ಅಂತ ಗಮನ ಇಟ್ಟು, ಅವನು ಹಾಡುವಾಗ ನಾವು ನಿಲ್ಲಿಸಬೇಕು, ಅವನು ನಿಲ್ಲಿಸುವ ಮೊದಲು ಮತ್ತೆ ಮೆಲ್ಲಗೆ ಸೇರಿಕೊಳ್ಳಬೇಕು. ಕೇಳುವವರಿಗೆ ಒಂದೇ ದಾರ ಕಾಣಬೇಕು. “ಪುತಾ (ಮಗನೇ), ನಿನ್ನ ಸ್ವರ ನಿನಗೇ ಕೇಳಿಸುತ್ತಾ ಇದ್ದರೆ ನೀನು ಜಾಸ್ತಿ ಹಾಡ್ತಾ ಇದ್ದೀ” ಎನ್ನುತ್ತಿದ್ದರು. ಎಷ್ಟು ಒಳ್ಳೆಯ ಗಂಟಲಿನವನಿಗೂ ಇದೇ ಮಾತು.

ಬೈಬಲಿನ ಕೀರ್ತನೆಗಳನ್ನು ಹಾಡುವಾಗ ಎರಡು ಗುಂಪು ಎದುರುಬದುರು ನಿಲ್ಲುತ್ತಿದ್ದೆವು. ಒಂದು ಚರಣ ಆ ಕಡೆಯವರದ್ದು, ಇನ್ನೊಂದು ನಮ್ಮದು. ಪ್ರತಿ ಚರಣದ ನಡುವೆ ಒಂದು ನಕ್ಷತ್ರದ ಗುರುತು ಇರುತ್ತದೆ. ಅಲ್ಲಿ ನಿಲ್ಲಬೇಕು. ಎಷ್ಟು ಹೊತ್ತು? ಚಾಪೆಲಿನ ಮಾಡಿನಲ್ಲಿ ನಮ್ಮದೇ ಸ್ವರದ ಪ್ರತಿಧ್ವನಿ ಆರುವ ತನಕ. ಹತ್ತು ಹನ್ನೊಂದು ವರ್ಷದ ಹುಡುಗರಿಗೆ ಹಾಡುವುದಕ್ಕಿಂತ ಹಾಗೆ ಸುಮ್ನೆ ನಿಲ್ಲುವುದೇ ಕಷ್ಟ. ಅದನ್ನು ಕಲಿಯಲು ನಮಗೆ ಒಂದು ಮಳೆಗಾಲವೇ ಬೇಕಾಯಿತು.

ಹಬ್ಬಗಳಿಗೆ ‘ಮಿಸ್ಸಾ ದೆ ಆಂಜೆಲಿಸ್’ ಎಂಬ ಪೂಜೆಯ ಹಾಡುಗಳು, ಸಾವಿನ ಪೂಜೆಗೆ ‘ದಿಯೆಸ್ ಇರೇ’ ಗೀತೆ. ಅದಕ್ಕಾಗಿ ಕ್ಲಾಸಿನ ನಡುವೆಯೇ ಕರೆ ಬರುತ್ತಿತ್ತು. ಆದರೆ ಕೊಯರಿಗೆ ನಿಜವಾದ ಪರೀಕ್ಷೆ ಪವಿತ್ರ ಗುರುವಾರದ್ದು, ಅಂದರೆ ಈಸ್ಟರಿನ ಹಿಂದಿನ ಗುರುವಾರದ್ದು.

ಆ ಸಂಜೆಯ ಪೂಜೆಯಲ್ಲಿ ‘ಗ್ಲೋರಿಯಾ’ ಎಂಬ ಸ್ತುತಿಗೀತೆ ಹಾಡುವಾಗ ಇಗರ್ಜಿಯ ಎಲ್ಲ ಗಂಟೆಗಳೂ ಒಟ್ಟಿಗೆ ಬಾರಿಸುತ್ತವೆ. ಅದು ಮುಗಿಯಿತೋ, ಶನಿವಾರ ರಾತ್ರಿಯ ಪಾಸ್ಕ (ಈಸ್ಟರ್) ಪೂಜೆಯ ಗ್ಲೋರಿಯಾ ತನಕ ಗಂಟೆ ಇಲ್ಲ, ಆರ್ಗನ್ ಇಲ್ಲ. ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ. ನಮ್ಮ ಪೆಡಲ್ ಆರ್ಗನಿನ ಮುಚ್ಚಳ ಹಾಕಿದ ಸದ್ದು ಕೇಳಿದ ಕೂಡಲೇ ಹೊಟ್ಟೆಯಲ್ಲಿ ನಡುಕ. ಇನ್ನು ಆಸರೆಗೆ ಯಾವ ಸ್ವರವೂ ಇಲ್ಲ.

ಪೂಜೆ ಮುಗಿದ ಮೇಲೆ ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ ಮೆರವಣಿಗೆ. ಮುಂದೆ ಮೇಣದಬತ್ತಿ, ಧೂಪ, ಹಿಂದೆ ಗುರುಗಳು, ಪಕ್ಕದಲ್ಲಿ ನಾವು ‘ಪಾಂಜೆ ಲಿಂಗ್ವಾ’ ಹಾಡುತ್ತಾ ನಡೆಯಬೇಕು. ಹದಿಮೂರನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಬರೆದ ಗೀತೆ, ಆರು ಚರಣ. ಕೊನೆಯ ಎರಡು ಚರಣ, ಅಂದರೆ ‘ತಾಂತುಮ್ ಎರ್ಗೊ’, ಮೆರವಣಿಗೆ ತಲುಪಿದ ಮೇಲೆ. ಜನರ ನಡುವೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಹಾಡುವಾಗ ಶ್ರುತಿ ಇಳಿಯದೆ ಇರುವುದಿಲ್ಲ. ಮೂರನೇ ಚರಣಕ್ಕೆ ಬರುವಾಗ ಅರ್ಧ ಸ್ವರ ಕೆಳಗೆ.

ನಮ್ಮಲ್ಲಿ ಒಬ್ಬನಿಗೆ ತುಂಬ ಸೂಕ್ಷ್ಮ ಕಿವಿ. ಎಲ್ಲರೂ ಇಳಿದರೂ ಅವನು ಇಳಿಯುತ್ತಿರಲಿಲ್ಲ. ಸರಿಯಾದ ಸ್ವರ ಅವನದ್ದೇ, ಆದರೆ ಕೇಳಿದವರಿಗೆ ಅವನೊಬ್ಬನೇ ತಪ್ಪು. ಫಾದರ್ ಅವನನ್ನು ಬದಿಗೆ ಕರೆದು ಹೇಳಿದ ಮಾತು ನಾವೆಲ್ಲ ಕೇಳಿಸಿಕೊಂಡೆವು: “ಇಳಿಯುವಾಗ ಎಲ್ಲರ ಜೊತೆ ಇಳಿ. ಮೇಲೆ ತರುವುದಾದರೆ ಎಲ್ಲರನ್ನೂ ಕರ್ಕೊಂಡು ಬಾ.” ಮಾರನೇ ವರ್ಷ ಅವನು ಅದನ್ನೇ ಮಾಡಿದ. ಎಲ್ಲರ ಜೊತೆ ಸ್ವಲ್ಪ ಇಳಿದು, ಪ್ರತಿ ಚರಣದ ಮೊದಲ ಸ್ವರವನ್ನು ಕೂದಲೆಳೆಯಷ್ಟು ಎತ್ತಿ ಹಿಡಿದು, ನಮ್ಮನ್ನೆಲ್ಲ ಅಲ್ಲಿಗೇ ನಿಲ್ಲಿಸಿದ. ಆ ವರ್ಷ ನಾವು ಶುರು ಮಾಡಿದ ಸ್ವರದಲ್ಲೇ ಮುಗಿಸಿದೆವು. ನಂತರ ನಾನು ಎಷ್ಟೋ ಆಫೀಸುಗಳಲ್ಲಿ, ಕಮಿಟಿಗಳಲ್ಲಿ ಕೆಲಸ ಮಾಡಿದ್ದೇನೆ. ಇಷ್ಟು ಚೆನ್ನಾಗಿ ಯಾರೂ ನನಗೆ ಒಟ್ಟಿಗೆ ಕೆಲಸ ಮಾಡುವುದನ್ನು ತೋರಿಸಿಕೊಟ್ಟಿಲ್ಲ.

ಹುಡುಗನ ಸ್ವರಕ್ಕೆ ಆಯುಸ್ಸು ಕಡಿಮೆ. ಮೂರು ನಾಲ್ಕು ವರ್ಷ ತಯಾರು ಮಾಡಿ, ಇನ್ನೇನು ಚೆನ್ನಾಗಿ ಹಾಡುತ್ತಾನೆ ಅನ್ನುವಾಗ ಗಂಟಲು ಒಡೆಯುತ್ತದೆ. ವಿಯೆನ್ನಾದ ಸಂತ ಸ್ಟೀಫನರ ಕೆಥೆಡ್ರಲಿನಲ್ಲಿ ಹಾಡುತ್ತಿದ್ದ ಹೈಡನ್ ಎಂಬ ಹುಡುಗನನ್ನು ಸ್ವರ ಒಡೆದ ಮೇಲೆ 1749ರಲ್ಲಿ ಹೊರಗೆ ಕಳಿಸಿದರು. ಅದೇ ಊರಿನ ಅರಮನೆಯ ಚಾಪೆಲಿನಲ್ಲಿ ಹಾಡುತ್ತಿದ್ದ ಶೂಬರ್ಟ್, ‘ಶೂಬರ್ಟ್ ಕೊನೆಯ ಸಲ ಕೂಗಿದ್ದು’ ಎಂದು ತನ್ನ ಹಾಡಿನ ಹಾಳೆಯ ಮೇಲೆ ಬರೆದು, 1812ರ ಜುಲೈ 26 ಎಂದು ತಾರೀಕು ಹಾಕಿದ. ಇಬ್ಬರೂ ಮುಂದೆ ಎಂಥ ಸಂಗೀತ ಬರೆದರು ಅಂತ ಲೋಕಕ್ಕೆ ಗೊತ್ತು. ನಮ್ಮ ಫಾದರ್ ಯಾರನ್ನೂ ಹೊರಗೆ ಹಾಕಲಿಲ್ಲ. ಸ್ವರ ಒಡೆಯುವ ಸೂಚನೆ ನಮಗಿಂತ ಮೊದಲು ಅವರಿಗೇ ತಿಳಿಯುತ್ತಿತ್ತು. ಏನೂ ಹೇಳದೆ ಪುಟ ತಿರುಗಿಸುವ ಕೆಲಸ ಕೊಡುತ್ತಿದ್ದರು. ಗಂಟಲು ಕೂತ ಮೇಲೆ ಗಂಡಸರ ಸಾಲಿಗೆ ಸೇರಿಸಿಕೊಳ್ಳುತ್ತಿದ್ದರು. ನನಗೆ ಪುಟ ತಿರುಗಿಸುವ ಕೆಲಸ ಸಿಕ್ಕಿದ ದಿನ ಅತ್ತಿದ್ದೆ.

ಅಷ್ಟರಲ್ಲಿ ಲೋಕದ ಕಥೊಲಿಕ ಬಿಷಪರೆಲ್ಲ ಸೇರಿದ ವ್ಯಾಟಿಕನ್ ಮಹಾಸಭೆ ನಡೆದಿತ್ತು. ಕೆಲವೇ ವರ್ಷಗಳಲ್ಲಿ ಪೂಜೆ ಕೊಂಕಣಿಗೂ ಕನ್ನಡಕ್ಕೂ ಬಂತು. ನನ್ನ ಅಜ್ಜಿ ಜೀವನದಲ್ಲಿ ಮೊದಲ ಸಲ ಪೂಜೆಯ ಪ್ರತಿ ಮಾತು ಅರ್ಥ ಮಾಡಿಕೊಂಡು ಕಣ್ಣೀರು ಹಾಕಿದರು. ಅದರ ಬೆಲೆ ನನಗೆ ಗೊತ್ತು. ಹಳೆಯದೇ ಚೆಂದ ಎಂದು ವಾದ ಮಾಡಲು ನಾನು ಇದನ್ನು ಬರೆಯುತ್ತಿಲ್ಲ.

ಆದರೆ ಮಹಾಸಭೆ ಲ್ಯಾಟಿನ್ ಗಾನವನ್ನು ತೆಗೆದುಹಾಕಿತು ಎಂದು ಜನ ಹೇಳುತ್ತಾರಲ್ಲ, ಅದು ಸರಿಯಲ್ಲ. 1963ರ ಡಿಸೆಂಬರ್ 4ರಂದು ಹೊರಟ ದಾಖಲೆಯಲ್ಲೇ ಗ್ರೆಗೋರಿಯನ್ ಗಾನಕ್ಕೆ ಮೊದಲ ಸ್ಥಾನ ಕೊಡಬೇಕು, ಕೊಯರುಗಳನ್ನು ಶ್ರದ್ಧೆಯಿಂದ ಬೆಳೆಸಬೇಕು ಎಂದಿದೆ. ನಮ್ಮ ಕೊಯರನ್ನು ಯಾರೂ ಬೇಕೆಂದು ಮುಚ್ಚಲಿಲ್ಲ. ಫಾದರ್ ತೀರಿಕೊಂಡರು, ಸಂಜೆಯ ಹೊತ್ತು ಟ್ಯೂಷನ್ ಬಂತು, ಮೈಕ್ ಬಂತು. ಮೈಕ್ ಬಂದ ಮೇಲೆ ಒಬ್ಬರು ಹಾಡಿದರೆ ಸಾಕಾಗುತ್ತದೆ.

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸಂತ ಥೋಮಸರ ಇಗರ್ಜಿಯ ಹುಡುಗರ ಕೊಯರ್ 1212ರಿಂದ ಇದೆ. ಹೆಸರಾಂತ ಸಂಗೀತಗಾರ ಬಾಖ್ 1723ರಿಂದ ಸಾಯುವ ತನಕ ಅಲ್ಲಿ ಮೇಷ್ಟ್ರಾಗಿದ್ದರು. ಆ ಇಗರ್ಜಿ ಕಥೊಲಿಕರಿಂದ ಪ್ರೊಟೆಸ್ಟೆಂಟರಿಗೆ ಹೋಯಿತು, ಯುದ್ಧಗಳು ಬಂದವು, ಸರಕಾರಗಳು ಬದಲಾದವು. ಕೊಯರ್ ಇವತ್ತಿಗೂ ಹಾಡುತ್ತಿದೆ. ಅಂದರೆ ಮನಸ್ಸು ಮಾಡಿದರೆ ಇದು ಉಳಿಯುತ್ತದೆ.

ಈಗಿನ ಮುಖ್ಯೋಪಾಧ್ಯಾಯರಿಗೆ ನನ್ನದೊಂದು ವಿನಂತಿ. ಶಾಲೆಯ ಚಾಪೆಲಿನ ಪಕ್ಕದ ಕೋಣೆಯ ಕಪಾಟಿನಲ್ಲಿ ಆ ಪುಸ್ತಕಗಳು ಇನ್ನೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಚೌಕದ ಸ್ವರ ಓದಲು ಬರುವವರು ನಮ್ಮ ಬ್ಯಾಚಿನಲ್ಲಿ ನಾನು ಮತ್ತು ಇನ್ನೊಬ್ಬ, ಇಬ್ಬರೂ ಊರಲ್ಲೇ ಇದ್ದೇವೆ. ಶನಿವಾರ ಸಂಜೆ ಒಂದು ಗಂಟೆ ಕೊಟ್ಟರೆ ಸಾಕು, ಬಂದು ಕಲಿಸುತ್ತೇವೆ. ಹುಡುಗರೂ ಬರಲಿ, ಹುಡುಗಿಯರೂ ಬರಲಿ, ಯಾವ ಧರ್ಮದವರಾದರೂ ಬರಲಿ. ಮೊದಲ ಕೆಲವು ವಾರ ನೆಲದ ಮೇಲೆ ಮಲಗಬೇಕಾಗುತ್ತದೆ, ಚಾಪೆ ತರಲು ಹೇಳಿ.